ತಕ್ಕಡಿಗೆ ಮುದ್ರೆ ಬೇಕು, ಡ್ರೋನ್ ಕ್ಯಾಮೆರಾಗೆ ಬೇಡವೇ?

ಸಂತೆಯಲ್ಲಿ ತೂಕ ಐವತ್ತು ಗ್ರಾಂ ಕಡಿಮೆ ಬಂದರೂ ನಾವು ಸುಮ್ಮನಿರುವವರಲ್ಲ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಿಸಬೇಕು ಅಂತ ಕಾನೂನೇ ಇದೆ. ಆದರೆ ನಮ್ಮ ಮನೆ, ಹಿತ್ತಲು, ಕೊಟ್ಟಿಗೆಯನ್ನೆಲ್ಲ ಆಕಾಶದಿಂದ ಅಳೆಯುವ ಕ್ಯಾಮೆರಾ ಸರಿ ಇದೆಯಾ ಅಂತ ಯಾವ ಗ್ರಾಮಸಭೆಯಲ್ಲೂ ಯಾರೂ ಕೇಳಿದ್ದನ್ನು ನಾನು ನೋಡಿಲ್ಲ.

ಸ್ವಾಮಿತ್ವ ಯೋಜನೆ ಶುರುವಾಗಿದ್ದು 2020ರ ಏಪ್ರಿಲ್ 24ರಂದು. ಮೊದಲ ಹಂತದಲ್ಲೇ ಕರ್ನಾಟಕವೂ ಸೇರಿತ್ತು. ಗಡಿಗೆ ಸುಣ್ಣದ ಗೆರೆ ಎಳೆಯುತ್ತಾರೆ, ಡ್ರೋನ್ ಹಾರಿಸಿ ಫೋಟೊ ತೆಗೆಯುತ್ತಾರೆ, ನಕ್ಷೆ ಮಾಡಿ ಆಕ್ಷೇಪಣೆ ಕೇಳುತ್ತಾರೆ, ಆಮೇಲೆ ಆಸ್ತಿ ಕಾರ್ಡ್ ಕೊಡುತ್ತಾರೆ. ಯೋಜನೆ ಒಳ್ಳೆಯದೇ. ನನ್ನ ಪ್ರಶ್ನೆ ಅಳತೆಯ ಬಗ್ಗೆ ಮಾತ್ರ.

ಕ್ಯಾಮೆರಾ ಇದ್ದದ್ದನ್ನು ಇದ್ದ ಹಾಗೇ ತೋರಿಸುತ್ತೆ ಅಂತ ನಂಬಿದ್ದೇವೆ. ಅದು ಪೂರ್ತಿ ನಿಜವಲ್ಲ. ಯಾವ ಲೆನ್ಸ್ ಆದರೂ ಸ್ವಲ್ಪ ಬಾಗಿಸುತ್ತೆ. ಫೋಟೊ ನೋಡಿ ಖುಷಿಪಡುವುದಕ್ಕೆ ಅದು ಸಾಕು, ಅಳತೆಗೆ ಸಾಲದು. ಎರಡು ಫೋಟೊಗಳಲ್ಲಿ ಒಂದೇ ಬಿಂದು ಎಲ್ಲಿದೆ ಅಂತ ನೋಡಿ ಅದರ ಜಾಗ, ಎತ್ತರ ಲೆಕ್ಕ ಹಾಕಬೇಕಾದರೆ ಆ ಲೆನ್ಸಿನ ಗುಣ ಮೊದಲೇ ಗೊತ್ತಿರಬೇಕು. ಅದನ್ನು ಕಂಡುಹಿಡಿಯುವ ಕೆಲಸಕ್ಕೇ ಕ್ಯಾಲಿಬ್ರೇಷನ್ ಅನ್ನುತ್ತಾರೆ.

ಹಿಂದೆ ಇದಕ್ಕೆ ನಿಖರವಾಗಿ ಮಾಡಿಸಿದ ದುಬಾರಿ ಚೌಕಟ್ಟುಗಳು ಬೇಕಿದ್ದವು. ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದ ಝೆಂಗ್ಯೂ ಝಾಂಗ್ 2000ರಲ್ಲಿ ಪ್ರಕಟಿಸಿದ ವಿಧಾನ ಅದನ್ನು ಸುಲಭ ಮಾಡಿತು. ಚದುರಂಗದ ಮಣೆಯಂಥ ಚೌಕಗಳನ್ನು ಕಾಗದದಲ್ಲಿ ಪ್ರಿಂಟ್ ಮಾಡಿ ಸಮತಟ್ಟಾದ ಹಲಗೆಗೆ ಅಂಟಿಸಿ, ಬೇರೆ ಬೇರೆ ಓರೆಯಲ್ಲಿ ಕೆಲವು ಫೋಟೊ ತೆಗೆದರೆ ಸಾಕು. ಓಪನ್‌ಸಿವಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲೂ ಅದು ಸಿಗುತ್ತೆ. ಅಂದರೆ ಖರ್ಚಿನ ನೆಪ ಹೇಳುವ ಹಾಗಿಲ್ಲ.

‘ಈಗ ಸಾಫ್ಟ್‌ವೇರೇ ಲೆನ್ಸಿನ ದೋಷ ಸರಿಮಾಡಿಕೊಳ್ಳುತ್ತೆ’ ಅನ್ನುವವರಿದ್ದಾರೆ. ಹೌದು, ಮಾಡಿಕೊಳ್ಳುತ್ತೆ. ಆದರೆ ಬ್ರಿಟನ್ನಿನ ಸಂಶೋಧಕರಾದ ಜೇಮ್ಸ್ ಮತ್ತು ರಾಬ್ಸನ್ 2014ರಲ್ಲೇ ಒಂದು ಎಚ್ಚರಿಕೆ ಕೊಟ್ಟಿದ್ದಾರೆ. ಡ್ರೋನ್ ನೇರ ಕೆಳಗೆ ನೋಡುತ್ತಾ ಮಾತ್ರ ಫೋಟೊ ತೆಗೆದರೆ ಈ ಲೆಕ್ಕ ತಪ್ಪಬಹುದು, ಸಮತಟ್ಟಾದ ನೆಲವೂ ಗುಮ್ಮಟದಂತೆ ಉಬ್ಬಿದ ಹಾಗೆ ಬರಬಹುದು. ಓರೆ ಫೋಟೊಗಳನ್ನೂ ಸೇರಿಸಿದರೆ, ನೆಲದ ಮೇಲೆ ನಿಖರವಾಗಿ ಅಳೆದ ಗುರುತುಗಳಿದ್ದರೆ ಈ ದೋಷ ಕಡಿಮೆಯಾಗುತ್ತೆ.

ಸಣ್ಣ ತಪ್ಪಿನಿಂದ ಏನಾಗುತ್ತೆ ಅಂತೀರಾ? 12 ಮೀಟರ್ ಉದ್ದದ ಗಡಿ 20 ಸೆಂಟಿಮೀಟರ್ ಒಳಗೆ ಸರಿದರೆ ಹೋಗುವುದು 2.4 ಚದರ ಮೀಟರ್, ಸುಮಾರು 26 ಚದರ ಅಡಿ. ಒಂದು ಸಣ್ಣ ಬಚ್ಚಲುಮನೆಯಷ್ಟು ಜಾಗ. ಹಳ್ಳಿಯಲ್ಲಿ ಅಣ್ಣತಮ್ಮಂದಿರು ಮಾತು ಬಿಡುವುದಕ್ಕೆ, ಕೋರ್ಟಿಗೆ ಅಲೆಯುವುದಕ್ಕೆ ಇಷ್ಟೇ ಸಾಕು.

ಹಾಗಂತ ಎಲ್ಲ ತಪ್ಪನ್ನೂ ಕ್ಯಾಮೆರಾ ಮೇಲೆ ಹಾಕುವುದೂ ಸರಿಯಲ್ಲ. ಮೇಲಿಂದ ನೋಡುವ ಡ್ರೋನ್‌ಗೆ ಕಾಣುವುದು ಸೂರಿನ ಅಂಚು, ಅದರ ಕೆಳಗಿರುವ ಗೋಡೆಯಲ್ಲ. ಅದನ್ನು ಯಾವ ಕ್ಯಾಲಿಬ್ರೇಷನ್ನೂ ಸರಿಪಡಿಸುವುದಿಲ್ಲ. ಅದಕ್ಕೆ ಜಾಗಕ್ಕೇ ಬಂದು ಟೇಪ್ ಹಿಡಿಯಬೇಕು.

ನನ್ನ ಬೇಡಿಕೆ ಇಷ್ಟೇ. ಆಕ್ಷೇಪಣೆಗೆ ನಕ್ಷೆ ಹಾಕುವಾಗ ಪಂಚಾಯಿತಿ ಬೋರ್ಡಿನಲ್ಲಿ ಕನ್ನಡದಲ್ಲಿ ಒಂದು ಹಾಳೆಯನ್ನೂ ಹಾಕಲಿ. ಕ್ಯಾಮೆರಾದ ಕ್ಯಾಲಿಬ್ರೇಷನ್ ಹೇಗೆ ಮಾಡಿದರು? ನೆಲದಲ್ಲಿ ಅಳೆದ ಗುರುತು ಎಷ್ಟು? ಲೆಕ್ಕಕ್ಕೆ ಬಳಸದೆ ಪರೀಕ್ಷೆಗೆಂದೇ ಬೇರೆ ಇಟ್ಟ ಬಿಂದುಗಳಲ್ಲಿ ಎಷ್ಟು ಸೆಂಟಿಮೀಟರ್ ವ್ಯತ್ಯಾಸ ಬಂತು? ಈ ಮೂರಕ್ಕೆ ಉತ್ತರ ಇರಲಿ.

ನೀವೂ ಕಾರ್ಡ್ ಬರುವವರೆಗೆ ಕಾಯಬೇಡಿ. ನಕ್ಷೆ ಹಾಕಿದ ದಿನವೇ ನಿಮ್ಮ ಗೋಡೆಯನ್ನು ಟೇಪಿನಲ್ಲಿ ಅಳೆದು ತಾಳೆ ನೋಡಿ. ವ್ಯತ್ಯಾಸ ಕಂಡರೆ ಗಡುವಿನೊಳಗೆ ಬರಹದಲ್ಲೇ ಆಕ್ಷೇಪಣೆ ಕೊಡಿ, ಸ್ವೀಕೃತಿ ಪಡೆದುಕೊಳ್ಳಿ.