ದನದ ಡಾಕ್ಟರ ಜತೆಗಿನ ಕೆಲಸ: ಸೇರುವ ಮುನ್ನ ಸರ್ಟಿಫಿಕೇಟ್ ನೋಡಿ

ಮೊನ್ನೆ ಮಂಚೇನಹಳ್ಳಿಯಿಂದ ಚಿಕ್ಕಮ್ಮನ ಫೋನು. ಮೊಮ್ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ, ಪಶುಸಂಗೋಪನೆ ಡಿಪ್ಲೊಮಾ ಸೇರ್ತೀನಿ ಅಂತ ಹಟ ಹಿಡಿದಿದ್ದಾಳೆ. "ನೀನಾದ್ರೂ ಬುದ್ಧಿ ಹೇಳೇ, ದನದ ಹಿಂದೆ ಓಡಾಡೋ ಕೆಲಸ ಹೆಣ್ಣುಹುಡುಗಿಗ್ಯಾಕೆ?" ಅಂದರು. ಬುದ್ಧಿ ಹೇಳೋಕೆ ಹೊರಟ ನಾನು ಕೊನೆಗೆ ಹುಡುಗಿಯ ಪರ ವಹಿಸಿದೆ.

ಯಾಕೆ ಅಂತೀರಾ? ಗೌರಿಬಿದನೂರು ತಾಲ್ಲೂಕಿನ ಹೋಬಳಿಯಾಗಿದ್ದ ಮಂಚೇನಹಳ್ಳಿ ಈಗ ತಾನೇ ತಾಲ್ಲೂಕು ಕೇಂದ್ರ. ಸುತ್ತಲಿನ ಹಳ್ಳಿಗಳಲ್ಲಿ ಸೀಮೆಹಸುವಿನ ಹಾಲೇ ಎಷ್ಟೋ ಮನೆಗಳ ಸಂಬಳ. ಸಗಣಿ ಬಾಚೋದು, ಮೇವು ಹಾಕೋದು, ಡೇರಿಗೆ ಹಾಲು ಹಾಕೋದು ಬಹುಪಾಲು ಹೆಂಗಸರೇ. ಹಸು ಬೆದೆಗೆ ಬಂದಿದ್ದು ಮೊದಲು ಗೊತ್ತಾಗೋದೂ ಅವರಿಗೇ. ಅದನ್ನೇ ಓದಿ ಸಂಬಳ ತಗೊಂಡರೆ ಮಾತ್ರ ನಾಚಿಕೆಯೇ?

ಕೆಲಸಕ್ಕೂ ಕೊರತೆಯಿಲ್ಲ. 2013ರಲ್ಲಿ ಕಾಲುಬಾಯಿ ಜ್ವರ, 2022ರಲ್ಲಿ ಚರ್ಮಗಂಟು ರೋಗ ಬಂದಾಗ ಕೊಟ್ಟಿಗೆಗಳಲ್ಲಿ ಏನಾಯಿತು ಅಂತ ಊರಿನವರನ್ನು ಕೇಳಿ. 2019ರಿಂದ ಕೇಂದ್ರ ಸರ್ಕಾರದ ಕಾರ್ಯಕ್ರಮದಲ್ಲಿ ದನಗಳಿಗೆ ಕಾಲುಬಾಯಿ ಲಸಿಕೆ ಹಾಕಿ, ಕಿವಿಗೆ ನಂಬರಿನ ಓಲೆ ತೊಡಿಸಿ ಲೆಕ್ಕ ಇಡಬೇಕು. ಒಬ್ಬ ಡಾಕ್ಟರು ಎಷ್ಟು ಮನೆ ಸುತ್ತಿಯಾರು? 1962ಕ್ಕೆ ಫೋನ್ ಮಾಡಿದರೆ ಬರುವ ವ್ಯಾನಿನಲ್ಲೂ ಡಾಕ್ಟರ ಜತೆ ಒಬ್ಬ ಸಹಾಯಕರು ಇರಬೇಕು.

ಎಡವುವುದು ಎಲ್ಲಿ ಅಂದರೆ, ಹೆಸರುಗಳೆಲ್ಲ ಒಂದೇ ಥರ ಕೇಳಿಸುತ್ತವೆ. 'ಪಶುಸಖಿ' ಅಂದರೆ ಸ್ವಸಹಾಯ ಸಂಘದ ಮಹಿಳೆ, ತರಬೇತಿ ಪಡೆದು ಮನೆಮನೆಗೆ ತಿಳಿವಳಿಕೆ ಹೇಳುವವಳು. 'ಮೈತ್ರಿ' ಮೂರು ತಿಂಗಳ ತರಬೇತಿ, ಮುಖ್ಯವಾಗಿ ಕೃತಕ ಗರ್ಭಧಾರಣೆಗೆ. ಮಾಡಿದಷ್ಟು ಕೆಲಸಕ್ಕೆ ದುಡ್ಡು. ಎರಡು ವರ್ಷದ ಡಿಪ್ಲೊಮಾ ಬೇರೆಯೇ. ಅದನ್ನು ನಡೆಸೋದು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ. ತಿಪಟೂರಿನ ಹತ್ತಿರದ ಕೋನೇಹಳ್ಳಿ, ಹಾಸನದ ಕೊರವಂಗಲ ಇಂಥ ಕಡೆ ಅದರ ಪಾಲಿಟೆಕ್ನಿಕ್‌ಗಳಿವೆ. "ಆರು ತಿಂಗಳಲ್ಲಿ ಸರ್ಕಾರಿ ನೌಕರಿ" ಅಂತ ಬೋರ್ಡು ಹಾಕಿದವರಿಗೆ ಫೀಸು ಕಟ್ಟುವ ಮೊದಲು, ಸರ್ಟಿಫಿಕೇಟಿನ ಮೇಲೆ ಯಾರ ಮುದ್ರೆ ಬೀಳುತ್ತೆ ಅಂತ ಕೇಳಿ. ಈ ಮಾತನ್ನು ನಾನು ಹುಡುಗಿಗೆ ಎರಡೆರಡು ಸಲ ಹೇಳಿದೆ.

ಮುಂದೆ ಬಡ್ತಿ? ಇಲಾಖೆಯಲ್ಲಿ ಪಶುವೈದ್ಯಕೀಯ ಸಹಾಯಕರ ಮೇಲೆ ಪರೀಕ್ಷಕರು, ಹಿರಿಯ ಪರೀಕ್ಷಕರು, ಜಾನುವಾರು ಅಧಿಕಾರಿ ಅಂತ ಮೆಟ್ಟಿಲುಗಳಿವೆ. ಹತ್ತೋದು ನಿಧಾನ, ಹುದ್ದೆ ಖಾಲಿಯಾಗಬೇಕು, ಸೇವಾ ಹಿರಿತನ ಬರಬೇಕು. ಎಷ್ಟು ಹತ್ತಿದರೂ ಡಾಕ್ಟರ್ ಆಗೋದಿಲ್ಲ. 1984ರ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಲಸಿಕೆ, ಬೀಜ ಒಡೆಯೋದು, ಗಾಯಕ್ಕೆ ಪಟ್ಟಿ ಕಟ್ಟೋದು ಇಂಥ ಪ್ರಾಥಮಿಕ ಚಿಕಿತ್ಸೆಯನ್ನಷ್ಟೇ, ಅದೂ ನೋಂದಾಯಿತ ವೈದ್ಯರ ಉಸ್ತುವಾರಿಯಲ್ಲಿ ಮಾಡಬಹುದು. ಡಾಕ್ಟರೇ ಆಗಬೇಕೆಂಬ ಆಸೆ ಇದ್ದರೆ ಪಿಯುಸಿ ವಿಜ್ಞಾನ ಓದಿ ಐದೂವರೆ ವರ್ಷದ ಬಿ.ವಿ.ಎಸ್ಸಿ.ಗೆ ಹೋಗಬೇಕು. ಹತ್ತನೇ ಕ್ಲಾಸು ಮುಗಿದ ಈಗಲೇ ಇದನ್ನು ಯೋಚಿಸಬೇಕು.

ನಮ್ಮ ಬೆಂಗಳೂರಿನ ನಾಯಿ-ಬೆಕ್ಕಿನ ಕ್ಲಿನಿಕ್ಕುಗಳಲ್ಲೂ ಸಹಾಯಕಿಯರನ್ನು ನೋಡಿರುತ್ತೀರಿ. ಅಲ್ಲಿ ಸಂಬಳ ಮಾಲೀಕರು ಕೊಟ್ಟಷ್ಟು. ಬರೀ ನಾಯಿ ಹಿಡಿದುಕೊಳ್ಳುತ್ತಾ ನಿಂತರೆ ವರ್ಷ ಐದಾದರೂ ಅಲ್ಲೇ. ರಕ್ತ ಪರೀಕ್ಷೆ, ಎಕ್ಸ್‌ರೇ, ಆಪರೇಷನ್ನಿನ ತಯಾರಿ ಕಲಿತವಳಿಗೆ ಬೆಲೆ ಬರುತ್ತೆ.

ಇನ್ನೊಂದು ಮಾತು, ತಾಯಂದಿರಿಗೆ. ಕಚ್ಚೋಕೆ ಮೊದಲೇ ಹಾಕಿಸಿಕೊಳ್ಳುವ ರೇಬಿಸ್ ಲಸಿಕೆ ಕೊಡಿಸ್ತೀರಾ ಅಂತ ಕೆಲಸ ಕೊಡುವವರನ್ನು ಕೇಳಲೇಬೇಕು. ಹಸು ಕಂದು ಹಾಕಿದಾಗ ಮಾಸು ಮುಟ್ಟೋಕೆ ಕೈಗವಸು ಬೇಕೇ ಬೇಕು. ಕಂದು ರೋಗ ಮನುಷ್ಯರಿಗೂ ತಗಲುತ್ತೆ, ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತೆ. ಹಳ್ಳಿಯಲ್ಲಿ ಬರಿಗೈಯಲ್ಲೇ ಎಳೆದುಹಾಕೋದನ್ನು ನಾನೇ ಕಂಡಿದ್ದೇನೆ.

ಚಿಕ್ಕಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ನಿನ್ನೆ ಮತ್ತೆ ಫೋನ್ ಮಾಡಿ, ಕೋನೇಹಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಇದೆಯಾ ವಿಚಾರಿಸು ಅಂದರು.