ಅಗ್ಗದ ವಿದ್ಯುತ್ ಸಾಮಾನಿಗೆ ತೆರುವ ಬೆಲೆ

ಚಳಿಗಾಲ ಬಂತೆಂದರೆ ನೀಲಗಿರಿಯ ತೋಟದ ಲೈನುಗಳಲ್ಲಾಗಲಿ, ಹೊಸೂರಿನ ಕಾರ್ಖಾನೆಗಳ ಸುತ್ತಲಿನ ಬಾಡಿಗೆ ಕೋಣೆಗಳಲ್ಲಾಗಲಿ, ಬೆಳಗಿನ ಪಾಳಿಗೆ ಹೊರಡುವವರಿಗೆ ಒಂದು ಬಕೆಟ್ ಬಿಸಿನೀರು ಬೇಕೇ ಬೇಕು. ಸೌದೆ ಒಲೆಗೆ ಜಾಗವಿಲ್ಲ. ಗ್ಯಾಸು ತಿಂಗಳ ಕೊನೆಯವರೆಗೆ ಬರಬೇಕು. ಗೀಸರಿನ ಮಾತಂತೂ ದೂರವೇ ಉಳಿಯಿತು. ಕೈಗೆಟಕುವುದು ನೀರು ಕಾಯಿಸುವ ರಾಡು ಒಂದೇ. ಯಾವುದನ್ನು ಎತ್ತಿಕೊಂಡರೂ ಒಂದೇ ದರ ಎಂದು ಕೂಗುವ ರಿಯಾಯಿತಿ ಅಂಗಡಿಯಲ್ಲಿಯೂ ಸಂತೆಯ ರಾಶಿಯಲ್ಲಿಯೂ ಅದು ಸಿಗುತ್ತದೆ. ಅಲ್ಲಿ ಕೊಂಡವರನ್ನು ತಿಳಿಗೇಡಿಗಳೆಂದು ಹಳಿಯುವುದು ನಮ್ಮ ಉದ್ದೇಶವಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಾದ ಸಂಸಾರಗಳ ಕಷ್ಟ ನಮಗೂ ಗೊತ್ತು. ಆದರೆ ಆ ಅಗ್ಗ ಎಲ್ಲಿಂದ ಬಂತೆಂದು ನಾವೆಲ್ಲರೂ ಕೇಳಬೇಕಾಗಿದೆ.

ಬೆಲೆ ಇಳಿಸಹೊರಟ ತಯಾರಕನು ಕಣ್ಣಿಗೆ ಕಾಣುವ ಬಣ್ಣದಲ್ಲಿ, ಡಬ್ಬಿಯಲ್ಲಿ ಉಳಿತಾಯ ಮಾಡುವುದಿಲ್ಲ; ಕಾಣದ ಕಡೆ ಮಾಡುತ್ತಾನೆ. ವೈರಿನೊಳಗಿನ ತಾಮ್ರ ತೆಳ್ಳಗಾಗುತ್ತದೆ, ಇಲ್ಲವೇ ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟು ತಾಮ್ರವೆಂದೇ ಮಾರಲಾಗುತ್ತದೆ. ಮೇಲಿನ ಹೊದಿಕೆ ಸ್ವಲ್ಪ ಬಿಸಿಗೇ ಮೆತ್ತಗಾಗುವಂಥದು. ಪ್ಲಗ್ಗಿನಲ್ಲಿ ಮೂರನೆಯ ಪಿನ್ನು ಇದ್ದರೂ ಕೆಲವು ಸಾಮಾನುಗಳಲ್ಲಿ ಅದಕ್ಕೆ ವೈರನ್ನೇ ಜೋಡಿಸಿರುವುದಿಲ್ಲ. 1500 ವ್ಯಾಟಿನ ರಾಡು 230 ವೋಲ್ಟಿನಲ್ಲಿ ಸುಮಾರು 6.5 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. ಅದನ್ನು ಅಗ್ಗದ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ, ಪಕ್ಕದಲ್ಲೇ ಇಸ್ತ್ರಿ ಪೆಟ್ಟಿಗೆಯನ್ನೂ ಹಾಕಿದರೆ ವೈರು ಕಾದು, ಹೊದಿಕೆ ಕರಗಿ, ಬೆಂಕಿ ಹೊತ್ತಿಕೊಳ್ಳಬಹುದು.

ಫ್ಯೂಸು ಇದೆಯಲ್ಲ ಎಂದು ಹಲವರು ಧೈರ್ಯವಾಗಿರುತ್ತಾರೆ. ಫ್ಯೂಸು ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಅದು ಹೋಗಬೇಕಾದರೆ ಹಲವು ಆಂಪಿಯರ್ ಹರಿಯಬೇಕು. ಮನುಷ್ಯನ ಹೃದಯ ನಿಲ್ಲುವುದಕ್ಕೆ ಒಂದು ಆಂಪಿಯರಿನ ನೂರರಲ್ಲಿ ಕೆಲವೇ ಪಾಲು ಸಾಕು. ರಾಡಿನ ಕೊಳವೆ ಬಿರುಕು ಬಿಟ್ಟರೆ ಬಕೆಟ್ಟಿನ ನೀರಿಗೆಲ್ಲ ಕರೆಂಟು ಇಳಿಯುತ್ತದೆ. ಅರ್ತಿಂಗ್ ಸರಿಯಾಗಿದ್ದರೆ ಅದು ನೆಲ ಸೇರಿ ಫ್ಯೂಸು ಹಾರಿಸುತ್ತದೆ. ಅರ್ತಿಂಗ್ ಇಲ್ಲದಿದ್ದರೆ, ನೀರು ಕಾಯಿತೇ ಎಂದು ಬೆರಳದ್ದಿ ನೋಡುವ ತಾಯಿಯ ಮೈಯೇ ಅದಕ್ಕೆ ದಾರಿಯಾಗುತ್ತದೆ. ನಮ್ಮ ದೇಶದಲ್ಲಿ ವಿದ್ಯುತ್ ತಗಲಿ ಸಾಯುವವರ ಸಂಖ್ಯೆ ಸರಕಾರದ ಅಂಕಿಅಂಶಗಳಲ್ಲಿಯೇ ವರ್ಷಕ್ಕೆ 10 ಸಾವಿರವನ್ನು ಮೀರಿದೆ.

ಕಾನೂನು ಇಲ್ಲವೆಂದಲ್ಲ. ವೈರು, ಸ್ವಿಚ್ಚು, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ರಾಡು ಮುಂತಾದವುಗಳನ್ನು ಐಎಸ್‌ಐ ಗುರುತಿಲ್ಲದೆ ತಯಾರಿಸುವುದನ್ನೂ ಮಾರುವುದನ್ನೂ ಕೇಂದ್ರ ಸರಕಾರ 2003ರ ಗುಣಮಟ್ಟ ನಿಯಂತ್ರಣ ಆದೇಶದಿಂದಲೇ ನಿಷೇಧಿಸಿತು. ಗುರುತನ್ನು ಕಳ್ಳಮುದ್ರೆ ಒತ್ತುವವರೂ ಇದ್ದಾರೆ. ಆದ್ದರಿಂದ ಗುರುತಿನ ಮೇಲೆ ಐಎಸ್ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಲೈಸೆನ್ಸ್ ಸಂಖ್ಯೆ ಇದೆಯೇ ಎಂದು ನೋಡಿರಿ. ಆ ಸಂಖ್ಯೆ ನಿಜವೇ ಎಂದು ಭಾರತೀಯ ಮಾನಕ ಬ್ಯೂರೋದ 'ಬಿಐಎಸ್ ಕೇರ್' ಆಪ್‌ನಲ್ಲಿ ಪರೀಕ್ಷಿಸಬಹುದು. ದೂರನ್ನೂ ಅಲ್ಲಿಯೇ ಕೊಡಬಹುದು. ಬಿಲ್ಲು ಕೇಳಿ ಪಡೆಯಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೋಷವುಳ್ಳ ಸಾಮಾನಿನಿಂದ ಹಾನಿಯಾದರೆ ತಯಾರಕನನ್ನೂ, ಕೆಲವು ಸಂದರ್ಭಗಳಲ್ಲಿ ಮಾರಿದವನನ್ನೂ ಹೊಣೆ ಮಾಡಬಹುದು. ಗ್ರಾಹಕರ ಸಹಾಯವಾಣಿ 1915.

ಆದರೂ ಎಲ್ಲ ಎಚ್ಚರಿಕೆಯನ್ನು ಕೊಳ್ಳುವವನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಒಳ್ಳೆಯ ರಾಡು ತಂದರೂ ಗೋಡೆಯ ಸಾಕೆಟ್ಟಿಗೆ ಅರ್ತಿಂಗ್ ಇಲ್ಲದಿದ್ದರೆ ಫಲವೇನು? ಬಾಡಿಗೆ ಎಣಿಸಿಕೊಳ್ಳುವ ಮನೆಮಾಲೀಕನೂ, ಕಾರ್ಮಿಕರಿಗೆ ಮನೆ ಕೊಟ್ಟಿರುವ ಆಡಳಿತವೂ ಅರ್ತಿಂಗ್ ಮಾಡಿಸಿ, ಕರೆಂಟು ಸೋರಿದೊಡನೆ ತಾನೇ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚನ್ನು ಹಾಕಿಸಬೇಕು. ಒಬ್ಬನೇ ಹೋಗಿ ಕೇಳಿದರೆ ಕೋಣೆ ಖಾಲಿ ಮಾಡು ಎಂಬ ಉತ್ತರ ಬರಬಹುದು. ಸಾಲಿನ ಹತ್ತು ಮನೆಯವರು ಕೂಡಿ ಕೇಳಿದರೆ ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು.

ನಮ್ಮಿಂದಲೂ ಆಗಬೇಕಾದ ಕೆಲಸವುಂಟು. ನಮ್ಮ ಕೂಟಗಳಲ್ಲಿ ವೈರ್‌ಮನ್ ಕೆಲಸ ಬಲ್ಲ ಸಹೋದರರಿದ್ದಾರೆ. ತಿಂಗಳಲ್ಲಿ ಒಂದು ರಜಾದಿನ ಅವರು ನೆರೆಹೊರೆಯ ಮನೆಗಳ ಪ್ಲಗ್ಗು, ಬೋರ್ಡು, ಅರ್ತಿಂಗನ್ನು ನೋಡಿಕೊಟ್ಟರೆ ಅದು ದೊಡ್ಡ ಸೇವೆ. ಹತ್ತು ಸಂಸಾರ ಕೂಡಿ ಒಂದೇ ಕಡೆ ಐಎಸ್‌ಐ ಗುರುತಿನ ಸಾಮಾನು ಕೊಂಡರೆ ದರ ಇಳಿಸಿಕೊಳ್ಳಲೂ ಬಂದೀತು. ಕಂತಿನಲ್ಲಿ ಹಣ ತುಂಬಲು ಸಂಘದ ಚೀಟಿ ನೆರವಾದೀತು.

ಮನೆಯಲ್ಲಿ ಈ ನಾಲ್ಕು ನಿಯಮಗಳು ಇಂದಿನಿಂದಲೇ ಜಾರಿಗೆ ಬರಲಿ. ರಾಡನ್ನು ನೀರಿನಲ್ಲಿ ಗುರುತಿನವರೆಗೆ ಮುಳುಗಿಸಿದ ಮೇಲೆಯೇ ಸ್ವಿಚ್ಚು ಹಾಕಿರಿ. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತ ಮೇಲೆಯೇ ನೀರನ್ನು ಮುಟ್ಟಿರಿ. ಲೋಹದ ಪಾತ್ರೆ ಬೇಡ, ಹತ್ತಿರ ಮಕ್ಕಳೂ ಬೇಡ. ಯಾರಿಗಾದರೂ ಕರೆಂಟು ಹಿಡಿದರೆ ಬರಿಗೈಯಲ್ಲಿ ಎಳೆಯಬೇಡಿ. ಮೊದಲು ಮೇನ್ ಸ್ವಿಚ್ಚು ಆರಿಸಿರಿ.

ಒಡೆದ ರಾಡನ್ನು ಟೇಪು ಸುತ್ತಿ ಇನ್ನೊಂದು ಚಳಿಗಾಲ ನೂಕುವುದು ಉಳಿತಾಯವಲ್ಲ. ಅದನ್ನು ಇನ್ನೊಬ್ಬ ಬಡವನಿಗೂ ದಾಟಿಸದೆ, ವೈರು ಕತ್ತರಿಸಿ ಗುಜರಿಗೆ ಹಾಕಿರೆಂದು ನಮ್ಮ ವಿನಂತಿ.