ತೂಕಕ್ಕೆ ಹೋದ ಕಡಗ

ನಾನು ನೋಡಿದ ಬೆಂಗಳೂರಿನ ಎರಡು ಮೂರು ಫ್ಲಾಟುಗಳ ಹಾಲ್‌ನಲ್ಲಿ ಒಂದು ಹಳದಿ ಬಾವುಟ ಇದೆ. ಫ್ರೇಮು, ಗಾಜು, ಮೇಲೊಂದು ಪುಟ್ಟ ಲೈಟು. ಅಮೆರಿಕದ ಅಗಸ್ಟಾದಲ್ಲಿ ನಡೆಯುವ ಮಾಸ್ಟರ್ಸ್ ಗಾಲ್ಫ್ ಟೂರ್ನಿಯದು. ಬಾವುಟದ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ನೇತುಹಾಕಿದವರೇ ಊರಿಗೆ ಹೋದಾಗ ಅಜ್ಜನ ಕುಸ್ತಿ ಕಡಗವನ್ನು ‘ಹಳೇ ಬೆಳ್ಳಿ’ ಅಂತಾರಲ್ಲ, ಸಿಟ್ಟು ಅದಕ್ಕೆ.

1934ರಲ್ಲಿ ಮೊದಲ ಮಾಸ್ಟರ್ಸ್ ಗೆದ್ದವನು ಹಾರ್ಟನ್ ಸ್ಮಿತ್. ಅವನ ಹಸಿರು ಕೋಟು 2013ರ ಹರಾಜಿನಲ್ಲಿ 6,82,000 ಡಾಲರಿಗೂ ಹೆಚ್ಚಿಗೆ ಹೋಯಿತು. ಬಟ್ಟೆಗೆ ಅಷ್ಟು ಬೆಲೆಯಾ? ಇಲ್ಲ. ಇದು ಅವನದೇ ಕೋಟು, ಇಂಥ ಗೆಲುವಿಗೆ ಸಿಕ್ಕಿದ್ದು, ಇಷ್ಟು ದಿನ ಇಂಥವರ ಹತ್ತಿರ ಇತ್ತು ಅನ್ನುವುದಕ್ಕೆ ಪುರಾವೆ ಇತ್ತಲ್ಲ, ಬೆಲೆ ಅದಕ್ಕೆ.

ನಮ್ಮದು ಅಬ್ಬಿಗೇರಿ, ರೋಣ ತಾಲೂಕು. ನಮ್ಮ ಕಡೆ ಜಾತ್ರೆಯ ಕುಸ್ತಿಯಲ್ಲಿ ಗೆದ್ದ ಪೈಲ್ವಾನನಿಗೆ ಪಟಕಾ ಸುತ್ತಿ, ಬೆಳ್ಳಿ ಕಡಗ ತೊಡಿಸುತ್ತಾರೆ. ಅವನು ಸತ್ತ ಮೇಲೆ ಕಡಗ ಟ್ರಂಕಿಗೆ ಹೋಗುತ್ತದೆ. ಆಮೇಲೊಂದು ದಿನ ಮಗಳ ಮದುವೆಗೋ ಬೋರ್‌ವೆಲ್ಲಿಗೋ ದುಡ್ಡು ಬೇಕಾದಾಗ, ‘ಮನ್ಯಾಗ ಇಟ್ಗೊಂಡು ಏನ್ ಮಾಡೂದೈತಿ?’ ಅಂತ ಪತ್ತಾರರ ಅಂಗಡಿಗೆ. ಅಲ್ಲಿ ತಕ್ಕಡಿ ಗ್ರಾಂ ಹೇಳುತ್ತದೆ. ಯಾವ ಜಾತ್ರೆ, ಎದುರಾಳಿ ಯಾರು ಅಂತ ಕೇಳುವುದಿಲ್ಲ. ಬಡತನದಲ್ಲಿ ಮಾರಿದವರನ್ನು ನಾನು ಬೈಯುವುದಿಲ್ಲ. ಮಾರುವ ಮೊದಲು ಕೈಯಲ್ಲಿರೋ ಫೋನಿನಿಂದ ಒಂದು ಫೋಟೋನೂ ತೆಗೆಯದ, ಸಂಬಳ ಎಣಿಸುವ ನಮ್ಮನ್ನು ಬೈಯುತ್ತೇನೆ.

‘ನಮ್ಮಜ್ಜ ಏನ್ ದೊಡ್ಡ ಚಾಂಪಿಯನ್ನಾ?’ ಅಂತೀರಿ. ಸರಿ, 1860ಕ್ಕೆ ಹೋಗೋಣ. ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ಮೊದಲ ಓಪನ್ ಆಡಿದ್ದು ಎಂಟೇ ಜನ. ಗೆದ್ದ ವಿಲ್ಲಿ ಪಾರ್ಕ್ ಬೇರೆಯವರ ಬ್ಯಾಗು ಹೊತ್ತು ಕ್ಯಾಡಿಯಾಗಿ ಬೆಳೆದವನು. ಬಹುಮಾನ ಒಂದು ಕೆಂಪು ಚರ್ಮದ ಬೆಲ್ಟು. ಸತತ ಮೂರು ಸಲ ಗೆದ್ದವನಿಗೆ ಅದು ಸ್ವಂತ ಅನ್ನುವ ನಿಯಮ. 1870ರಲ್ಲಿ ಕಿರಿಯ ಟಾಮ್ ಮಾರಿಸ್ ಅದನ್ನು ತನ್ನದಾಗಿಸಿಕೊಂಡ. ಅವನಪ್ಪನ ಕೆಲಸ ಮೈದಾನದ ಹುಲ್ಲು ನೋಡಿಕೊಳ್ಳುವುದು. ಇವತ್ತು ಗಾಲ್ಫ್ ಜಗತ್ತು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೆರೆಸುತ್ತಿರುವುದು ಕೂಲಿ ಮಾಡಿದವರ ಸಾಮಾನನ್ನೇ. ಯಾರೋ ಎತ್ತಿಟ್ಟರು, ಯಾರೋ ಬರೆದಿಟ್ಟರು, ಅಷ್ಟೇ.

ನಮ್ಮ ಗದಗ ಜಿಲ್ಲೆಯಲ್ಲೂ ಕಲ್ಲಿಗೆ ಮರ್ಯಾದೆ ಇಲ್ಲ ಅಂತಲ್ಲ. ಲಕ್ಕುಂಡಿಯ ಶಿಲ್ಪಗಳಿಗೆ ಮ್ಯೂಸಿಯಂ ಇದೆ. ಆದರೆ ಹಬ್ಬಕ್ಕೆ ಹುಡುಗರು ಎದೆಮಟ್ಟ ಎತ್ತುತ್ತಿದ್ದ ಸಂಗ್ರಾಣಿ ಕಲ್ಲಿನ ಪಕ್ಕ ಎತ್ತಿದವರ ಹೆಸರಿನ ಒಂದು ಹಲಗೆಯಾದರೂ ಇದೆಯಾ?

ಹಾಗಂತ ಕಡಗವನ್ನು ಬೆಂಗಳೂರಿಗೆ ತಂದು ಶೋಕೇಸಿನಲ್ಲಿ ಇಡಬೇಡಿ. ಅಲ್ಲಿ ಅದೂ ಇನ್ನೊಂದು ಬಾವುಟವಾಗುತ್ತದೆ. ಮುಂದಿನ ಜಾತ್ರೆಗೆ ಹೋದಾಗ ಗರಡಿಯ ಹಿರಿಯರ ಎದುರು ಕೂತು ಕೇಳಿ: ಯಾವ ವರ್ಷ, ಯಾರ ಮೇಲೆ, ಯಾವ ಪಟ್ಟು, ಪಟಕಾ ಸುತ್ತಿದವರು ಯಾರು? ರೆಕಾರ್ಡ್ ಮಾಡಿ. ಹಳೇ ಹ್ಯಾಂಡ್‌ಬಿಲ್ ಇದ್ದರೆ ಸ್ಕ್ಯಾನ್ ಮಾಡಿ. ಪಂಚಾಯ್ತಿ ಲೈಬ್ರರಿಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರಿಟ್ಟಿದ್ದಾರೆ. ಅಲ್ಲಿ ಬೀಗ ಇರೋ ಒಂದು ಗಾಜಿನ ಕಪಾಟು ಕೊಡಿಸಿ. ಬಾವುಟಕ್ಕೆ ಫ್ರೇಮು ಹಾಕಿಸಿದ ದುಡ್ಡಿನಲ್ಲಿ ಅರ್ಧ ಕಪಾಟಾದರೂ ಬರುತ್ತದೆ. ಉಳಿದರ್ಧ ಚಂದಾ ಎತ್ತೋಣ, ಮೊದಲ ಹೆಸರು ನನ್ನದು ಬರೆದುಕೊಳ್ಳಿ.